ಪರೀಕ್ಷೆಯ ದಿನದ ಜ್ವರ

ಮಕ್ಕಳು ಆಕೆಗೆ ಇಟ್ಟಿದ್ದ ಹೆಸರು ಪಟಾಕಿ ಟೀಚರ್. ಕೋಪ ಸದಾ ಮೂಗಿನ ತುದಿಯಲ್ಲೇ. ಆದರೆ ಅದು ಮಕ್ಕಳ ಮೇಲೆ ಸಿಡಿದದ್ದು ಕಡಿಮೆ. ತರಗತಿಯ ಗೋಡೆ ಸೋರಿದರೆ ಇಂಜಿನಿಯರನ ಮೇಲೆ, ಪಠ್ಯಪುಸ್ತಕ ತಡವಾದರೆ ಇಲಾಖೆಯ ಮೇಲೆ, "ಈ ಹುಡುಗನ ತಲೆಗೆ ಏನೂ ಹತ್ತಲ್ಲ ಬಿಡಿ" ಎಂದ ಸಹೋದ್ಯೋಗಿಯ ಮೇಲೆ. ಒಂದನೇ ತರಗತಿಗೆ ಅಕ್ಷರ ಕಲಿಸುತ್ತಲೇ ಆಕೆಯ ತಲೆ ನರೆತಿತ್ತು. ಮದುವೆಯಾಗಲಿಲ್ಲ. ತಾಯಿ ಬೇಗ ಹೋಗಿಬಿಟ್ಟಾಗ ತಮ್ಮನನ್ನು ಸಾಕಿ, ಓದಿಸಿ, ಮೇಷ್ಟ್ರನ್ನಾಗಿ ಮಾಡಿದಳು. ಅವನು ಮೇಲೇರಿ ಅವಳದೇ ಶಾಲೆಗೆ ಹೆಡ್ಮಾಸ್ಟರಾಗಿ ಬಂದ. ಶಾಲೆಯಲ್ಲಿ "ಸರ್" ಎನ್ನುತ್ತಿದ್ದಳು, ಮನೆಯಲ್ಲಿ "ಏನೋ" ಎನ್ನುತ್ತಿದ್ದಳು. ಇಬ್ಬರೂ ಒಂದೇ ಮನೆಯಲ್ಲಿದ್ದರು. ಅವನ ಹೆಂಡತಿ ಆಕೆಯನ್ನು ಬಾಯ್ತುಂಬ "ಅತ್ತಿಗೆ" ಎಂದು ಕರೆಯುತ್ತಿದ್ದಳು.

ರಾಜ್ಯದ ಶಿಕ್ಷಣ ಮಂಡಳಿಯಲ್ಲಿ ಶಿಕ್ಷಕರಿಗೆಂದು ಒಂದೇ ಒಂದು ಕುರ್ಚಿ ಇತ್ತು. ಆ ವರ್ಷ ಶಿಕ್ಷಕರೆಲ್ಲ ಸೇರಿ ಈಕೆಯನ್ನು ಅದಕ್ಕೆ ಆರಿಸಿ ಕಳಿಸಿದರು. "ಅಲ್ಲಿ ಹೋಗಿ ಸ್ವಲ್ಪ ಸಿಡಿದು ಬನ್ನಿ" ಎಂದರು.

ಮಂಡಳಿಯ ಸಭಾಂಗಣ ತಣ್ಣಗಿತ್ತು. ಕುರ್ಚಿ ಎಷ್ಟು ಮೆತ್ತಗಿತ್ತೆಂದರೆ ಕೂತರೆ ನಿದ್ದೆ ಬರಬೇಕು. ಯಾವ ತರಗತಿಯ ಮಗುವಿಗೆ ಏನು ಬರಬೇಕು, ಅದನ್ನು ಅಳೆಯುವುದು ಹೇಗೆ, ಹಿಂದೆ ಬಿದ್ದ ಶಾಲೆಯನ್ನು ಏನು ಮಾಡಬೇಕು, ಎಲ್ಲ ಅಲ್ಲೇ ತೀರ್ಮಾನ. ಗೋಡೆಯ ಮೇಲಿನ ಪರದೆಯಲ್ಲಿ ರಾಜ್ಯದ ಸರ್ಕಾರಿ ಶಾಲೆಗಳೆಲ್ಲ ಚುಕ್ಕಿಗಳಾಗಿ ಕೂತಿದ್ದವು. ಮೂರನೇ ತರಗತಿಯ ಓದಿನ ಪರೀಕ್ಷೆಯಲ್ಲಿ ಸುಧಾರಿಸಿದ್ದು ಹಸಿರು, ಕುಸಿದದ್ದು ಕೆಂಪು. ಕೆಂಪಾದ ಶಾಲೆಗೆ ನೆರವು ಎಂದು ಕಾಗದದಲ್ಲಿತ್ತು. ಆದರೆ ಎರಡು ವರ್ಷ ಕೆಂಪಿನಲ್ಲೇ ಉಳಿದರೆ ಪಕ್ಕದ ಶಾಲೆಯೊಳಗೆ ಸೇರಿಸಿ ಬಾಗಿಲು ಹಾಕುವುದು ಎಂಬುದೂ ಅದೇ ಕಾಗದದಲ್ಲಿತ್ತು.

ಆಕೆಯ ಶಾಲೆ ಹಚ್ಚ ಹಸಿರಾಗಿ ಹೊಳೆಯುತ್ತಿತ್ತು. ಅಧ್ಯಕ್ಷರು ಅದನ್ನೇ ತೋರಿಸಿ ಹೊಗಳಿದಾಗ ಎಲ್ಲರ ಜೊತೆ ಆಕೆಯೂ ಚಪ್ಪಾಳೆ ತಟ್ಟಿದಳು. ತಮ್ಮನಿಗೆ ಪ್ರಶಸ್ತಿ ಫಲಕ ಬಂತು. ಅದನ್ನು ಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದವಳೂ ಆಕೆಯೇ.

ಮರುವರ್ಷ ಪರೀಕ್ಷೆ ಬಂತು. ಮಂಡಳಿಯ ಸದಸ್ಯರು ಪರೀಕ್ಷೆ ನಡೆಯುವಾಗ ಶಾಲೆಯೊಳಗೆ ಕಾಲಿಡಬಾರದೆಂಬ ನಿಯಮವಿದ್ದುದರಿಂದ ಆಕೆಗೆ ಆ ಎರಡು ದಿನ ರಜೆ. ಮೊದಲ ದಿನ ಸೀರೆಗಳ ಗಂಟು ಹೊತ್ತು ಇಸ್ತ್ರಿ ಅಂಗಡಿಗೆ ಹೋದಳು. ಮೇಜಿನ ಕೆಳಗೆ ಇಸ್ತ್ರಿಯವಳ ಮಗಳು ಗುಂಡಿ ಜೋಡಿಸುತ್ತ ಕೂತಿದ್ದಳು. ಮೂರನೇ ತರಗತಿಯ ಹುಡುಗಿ. ಅಕ್ಷರ ತಿದ್ದಿಸಿದ್ದು ಈಕೆಯೇ.

"ಏನೇ, ಪರೀಕ್ಷೆ ಇಲ್ವಾ ಇವತ್ತು?"

"ನಂಗೆ ಜ್ವರ, ಟೀಚರ್."

ಹಣೆ ಮುಟ್ಟಿ ನೋಡಿದರೆ ತಣ್ಣಗಿತ್ತು. "ಎಲ್ಲಿದೆಯೇ ಜ್ವರ?"

"ನಂಗೊತ್ತಿಲ್ಲ. ಹೆಡ್ಮಾಸ್ಟರ್ ಸರ್ ಹೇಳಿದ್ರು. ನಾಳೇನೂ ಇರುತ್ತಂತೆ."

ಇಸ್ತ್ರಿಯವಳು ಪೆಟ್ಟಿಗೆಯನ್ನು ಬದಿಗಿಟ್ಟಳು. "ಓದೋಕೆ ಬರದೇ ಇರೋರೆಲ್ಲ ಎರಡು ದಿನ ಮನೇಲಿರ್ಲಿ ಅಂದ್ರು. ಹೋದ್ವರ್ಷ ದೊಡ್ಡವನಿಗೂ ಹೀಗೇ ಜ್ವರ ಬರ್ಸಿದ್ರು. ನಿಮಗೆ ಗೊತ್ತಿಲ್ದೇ ಇರುತ್ತಾ ಟೀಚರ್? ನಿಮ್ಮ ತಮ್ಮ ತಾನೇ?"

ಆಕೆಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಆ ಹೆಂಗಸಿನ ಮಾತಿನಲ್ಲಿ ಕುಟುಕಿರಲಿಲ್ಲ, ಅದೇ ಹೆಚ್ಚು ಉರಿಸಿತು. ಸೀರೆ ಗಂಟನ್ನು ಅಲ್ಲೇ ಬಿಟ್ಟು ಮನೆಗೆ ಬಂದವಳು ತಮ್ಮ ಬರುವ ತನಕ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತಲೇ ಇದ್ದಳು.

ಅವನು ಚಪ್ಪಲಿ ಬಿಡುವುದರೊಳಗೆ ಶುರುವಾಯಿತು.

"ಯಾವಾಗಿಂದ ಡಾಕ್ಟರ್ ಆದ್ಯೋ? ಊರ ಮಕ್ಕಳಿಗೆಲ್ಲ ಜ್ವರ ಹಂಚ್ತಿದ್ದೀಯಂತೆ!"

ಅವನ ಮುಖ ಬಿಳುಚಿತು. ಆದರೆ ತಲೆ ತಗ್ಗಿಸಲಿಲ್ಲ. "ಕೂತ್ಕೋ ಅಕ್ಕ."

"ಕೂರಲ್ಲ. ಹೇಳು."

"ನಾನು ಬಂದ ವರ್ಷ ಶಾಲೆ ಕೆಂಪಾಗಿತ್ತು. ಇನ್ನೊಂದು ವರ್ಷ ಕೆಂಪು ಬಂದಿದ್ರೆ ಬೀಗ. ಈ ಮಕ್ಕಳೆಲ್ಲ ಹೆದ್ದಾರಿ ದಾಟಿ ಪಕ್ಕದ ಶಾಲೆಗೆ ಹೋಗ್ಬೇಕಿತ್ತು. ಹೋಗ್ತಿದ್ರಾ? ಈ ನಿಯಮ ಮಾಡಿದ್ದು ನಾನಲ್ಲ, ನಿಮ್ಮ ಮಂಡಳಿ."

"ಹಿಂದುಳಿದ ಮಕ್ಕಳಿಗೆ ಓದು ಕಲಿಸೋಕೆ ಒಬ್ಬ ಟೀಚರ್ ಕೊಡಿ ಅಂತ ಕೇಳೋಕೆ ನಿನ್ನ ಬಾಯಿಗೇನಾಗಿತ್ತು?"

"ಕೇಳ್ದೆ. ಹೋದ ತಿಂಗಳೂ ಕೇಳ್ದೆ. ನಿಮ್ಮದು ಹಸಿರು ಶಾಲೆ, ನಿಮಗ್ಯಾಕೆ ಅಂದ್ರು."

"ಹಸಿರು ಬಳಿದವನು ಯಾರೋ ಮೂರ್ಖ!"

"ನಾನೇ. ಚಪ್ಪಾಳೆ ತಟ್ಟಿದ್ದು ಯಾರು?"

ಆ ಏಟು ಸರಿಯಾದ ಜಾಗಕ್ಕೇ ಬಿತ್ತು. ಒಂದನೇ ತರಗತಿಯಲ್ಲಿ ತಡವರಿಸುತ್ತಿದ್ದ ಮಕ್ಕಳು ಎರಡೇ ವರ್ಷದಲ್ಲಿ ಹೇಗೆ ನೀರು ಕುಡಿದಂತೆ ಓದಿಬಿಟ್ಟರು ಎಂದು ಆಕೆ ಒಮ್ಮೆಯೂ ಯೋಚಿಸಿರಲಿಲ್ಲ. ತನ್ನ ಮೇಲೆ ಬಂದ ಕೋಪ ತಮ್ಮನ ಮೇಲಿನದಕ್ಕಿಂತ ಕಹಿಯಾಗಿತ್ತು. ತಮ್ಮನ ಹೆಂಡತಿ ಅನ್ನದ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಆ ದಿನ ಯಾರೂ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಆಕೆ ಮೊದಲು ಇಸ್ತ್ರಿ ಅಂಗಡಿಗೆ ಹೋಗಿ ಹುಡುಗಿಯ ಕೈ ಹಿಡಿದುಕೊಂಡಳು. ಜ್ವರ ಬಂದವರು ಇನ್ನೂ ಯಾರ‍್ಯಾರು ಎಂದು ಆ ಹುಡುಗಿಗೇ ಗೊತ್ತಿತ್ತು. ಗಾರೆಯವನ ಮನೆ, ಗ್ಯಾರೇಜಿನ ಹಿಂದಿನ ಸಾಲು, ನಲ್ಲಿಯ ಪಕ್ಕದ ವಠಾರ. ಒಬ್ಬ ತಂದೆ "ಮಾನ ಹೋಗುತ್ತೆ ಟೀಚರ್, ಇವನಿಗೆ ಏನೂ ಬರಲ್ಲ" ಎಂದ. "ಬರಲ್ಲ ಅಂತ ಬರೀಲಿ. ಇಂಥ ಹುಡುಗನೇ ಇಲ್ಲ ಅಂತ ಬರೆಯೋಕೆ ನಾನು ಬಿಡಲ್ಲ" ಎಂದಳು.

ಶಾಲೆಯ ಗೇಟಿನಲ್ಲಿ ತಮ್ಮ ನಿಂತಿದ್ದ. ಅಕ್ಕನ ಹಿಂದೆ ಮಕ್ಕಳ ಸಾಲು ಕಂಡು ಅವನ ಕೈ ಚಿಲಕದ ಮೇಲೆ ಬಿಗಿಯಾಯಿತು.

"ಅಕ್ಕ, ಬೇಡ. ನಂದು ಮುಗಿಯುತ್ತೆ."

"ಗೊತ್ತು," ಎಂದಳು. ಹಿಂದೆ ಸರಿಯಲಿಲ್ಲ. "ನಾನು ಒಳಗೆ ಬರಲ್ಲ. ಇವರನ್ನ ಬಿಡು. ಇಲ್ದಿದ್ರೆ ಇಲ್ಲೇ ರಸ್ತೇಲಿ ಕೂರಿಸ್ತೀನಿ."

ಅವನು ಗೇಟು ತೆಗೆದ.

ಶಾಲೆ ಕೆಂಪಾಯಿತು. ಮುಂದಿನ ಸಭೆಯಲ್ಲಿ ಆಕೆ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದಳು, ತಮ್ಮನನ್ನೂ ಮುಚ್ಚಿಡಲಿಲ್ಲ. ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. "ನಿಮ್ಮ ಪ್ರಾಮಾಣಿಕತೆ ಮೆಚ್ಚುವಂಥದ್ದು ಮೇಡಂ. ಆ ಹೆಡ್ಮಾಸ್ಟರ್ ಮೇಲೆ ಕ್ರಮ ಆಗುತ್ತೆ. ಆದ್ರೆ ಇದು ಒಂದು ಶಾಲೆಯ ಶಿಸ್ತಿನ ಪ್ರಶ್ನೆ, ನೀತಿಯ ಪ್ರಶ್ನೆ ಅಲ್ಲ. ಮುಂದಿನ ವಿಷಯಕ್ಕೆ ಹೋಗೋಣ."

"ಹೋಗೋದು ಬೇಡ!" ಮೇಜಿನ ಮೇಲೆ ಬಿದ್ದ ಆಕೆಯ ಅಂಗೈಯ ಸದ್ದಿಗೆ ಲೋಟಗಳು ನಡುಗಿದವು. "ಉಳಿದ ಹಸಿರು ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಜ್ವರ ಬಂದಿತ್ತು? ಅದನ್ನ ಮೊದಲು ಹೇಳಿ."

ಅಂಕಿ ಅಂಶ ನೋಡಿಕೊಳ್ಳುವ ಅಧಿಕಾರಿ ಕೆಮ್ಮಿದ. ಗೈರುಹಾಜರಿಯ ಲೆಕ್ಕ ತಮ್ಮಲ್ಲಿದೆ, ಹಸಿರು ಶಾಲೆಗಳಲ್ಲೇ ಅದು ಹೆಚ್ಚು ಎಂದ.

"ಮತ್ತೆ ತೋರಿಸಿರಲಿಲ್ಲ ಯಾಕೆ?"

"ಯಾರೂ ಕೇಳಿರಲಿಲ್ಲ ಮೇಡಂ."

"ನಾವೆಲ್ಲ ಇಲ್ಲಿ ಕೂತಿರೋದು ಕೇಳೋದಕ್ಕೇ ಅಲ್ವೇನ್ರೀ? ಬೆದರಿಸೋ ನಿಯಮ ನಮ್ಮದು. ಹೆದರಿ ಕಳ್ಳ ಆದೋನಿಗೆ ಮಾತ್ರ ಶಿಕ್ಷೆ! ಮಕ್ಕಳನ್ನ ಅಳಿಸಿಹಾಕಿ ಬಂದ ಹಸಿರಿಗೆ ಸುಧಾರಣೆ ಅಂತ ಹೆಸರು. ನಾಚಿಕೆ ಆಗ್ಬೇಕು ನಮಗೆ. ನನಗೂ."

ಮೂಲೆಯಲ್ಲಿದ್ದ ಹಿರಿಯ ವಕೀಲರು, ಸಭೆಗಳಲ್ಲಿ ತೂಕಡಿಸುವುದಕ್ಕೇ ಹೆಸರಾದವರು, ನಿಧಾನವಾಗಿ ಕೈ ಎತ್ತಿ "ಇವರ ಮಾತಿಗೆ ನನ್ನ ಅನುಮೋದನೆ ಇದೆ" ಎಂದರು. ಗೈರಾದ ಮಗುವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬ ನಿಯಮ ಒಂದೇ ಮತದ ಅಂತರದಲ್ಲಿ ಗೆದ್ದಿತು. ಓದು ಕಲಿಸುವ ಶಿಕ್ಷಕರನ್ನು ಕೊಡದೆ ಯಾವ ಶಾಲೆಯನ್ನೂ ಮುಚ್ಚಬಾರದೆಂಬ ಆಕೆಯ ಇನ್ನೊಂದು ಕೋರಿಕೆಯನ್ನು ಉಪಸಮಿತಿಗೆ ಒಪ್ಪಿಸಿದರು. ಅಲ್ಲಿ ಅದು ಇನ್ನೂ ಮಲಗಿದೆ.

ತಮ್ಮನ ಹೆಡ್ಮಾಸ್ಟರ್ ಹುದ್ದೆ ಹೋಯಿತು, ದೂರದ ಊರಿಗೆ ವರ್ಗವಾಯಿತು. ಹೊರಡುವ ದಿನ ಅಕ್ಕನ ಕಾಲು ಮುಟ್ಟಿ ಬಸ್ಸು ಹತ್ತಿದ. ಅವನ ಹೆಂಡತಿ ಅಂದಿನಿಂದ ಆಕೆಯನ್ನು "ಟೀಚರ್" ಎಂದೇ ಕರೆಯುತ್ತಾಳೆ. ಇಲಾಖೆಯು ಬೆದರಿಸಿದ ನಿಯಮವನ್ನು ಬಿಟ್ಟು ಹೆದರಿದವನನ್ನು ಮಾತ್ರ ಹಿಡಿದದ್ದಕ್ಕೆ ಆಕೆಯ ಕೋಪ ಇಂದಿಗೂ ಆರಿಲ್ಲ. ಮಂಡಳಿಯ ಅವಧಿ ಮುಗಿದಾಗ ಶಿಕ್ಷಕರು ಮತ್ತೆ ಆರಿಸಲಿಲ್ಲ. "ಒಡಹುಟ್ಟಿದವನನ್ನೇ ಬಿಡದವಳು ನಮ್ಮನ್ನ ಬಿಡ್ತಾಳಾ?" ಎಂದರಂತೆ.

ಕೆಂಪಾದ ಮೇಲೆ ಶಾಲೆಗೆ ಓದು ಕಲಿಸುವ ಟೀಚರ್ ಬಂದಳು, ವಾರಕ್ಕೆ ಎರಡು ದಿನ. ಇಸ್ತ್ರಿಯವಳ ಮಗಳು ಈಗ ಬೆರಳಿಟ್ಟು, ನಿಲ್ಲಿಸಿ ನಿಲ್ಲಿಸಿ ಓದುತ್ತಾಳೆ. ಯಾರಾದರೂ ಅವಸರ ಮಾಡಿದರೆ ಗದರುತ್ತಾಳೆ. ಮೊನ್ನೆ ಆ ಟೀಚರನ್ನೂ ಬೇರೆಡೆಗೆ ಹಾಕುತ್ತಾರೆಂದು ಸುದ್ದಿ ಬಂತು. ಪಟಾಕಿ ಟೀಚರ್ ಮಂಡಳಿಯ ಕಚೇರಿಗೆ ಫೋನು ಮಾಡಿದಳು.

"ಮೇಡಂ, ನೀವೀಗ ಸದಸ್ಯರಲ್ಲವಲ್ಲ," ಎಂದ ಗುಮಾಸ್ತ.

"ಅಲ್ಲದಿದ್ರೇನಪ್ಪ? ಸಭೆಗೆ ಯಾರು ಬೇಕಾದ್ರೂ ಬಂದು ಕೂರಬಹುದು ತಾನೇ?"

ಸಭೆಯ ದಿನ ಇಸ್ತ್ರಿಯವಳು ಅಂಗಡಿಗೆ ಬೀಗ ಹಾಕಿದಳು. ಇಬ್ಬರೂ ಮೊದಲ ಬಸ್ಸಿಗೆ ಹೋಗಿ, ಸಾರ್ವಜನಿಕರ ಬೆಂಚಿನಲ್ಲಿ ಎಲ್ಲರಿಗಿಂತ ಮುಂದೆ ಕೂತರು.