ತ್ಯಾಗಲಿ ತಂಗುದಾಣದಲ್ಲಿ ಬಿಚ್ಚಿದ ಬುತ್ತಿ

ವರ್ಷಕ್ಕೊಮ್ಮೆ, ಚಳಿ ಬಿದ್ದ ಮೇಲೆ, ನಾವು ಎಂಟು ಮಂದಿ ಸಿದ್ದಾಪುರದಿಂದ ಶಿರಸಿ ಹಾದು ಯಲ್ಲಾಪುರದವರೆಗೆ ಒಳದಾರಿಗಳಲ್ಲಿ ನಡೆದುಕೊಂಡು ಹೋಗುತ್ತೇವೆ. ಹರಕೆಯೂ ಅಲ್ಲ, ಪಂದ್ಯವೂ ಅಲ್ಲ. ನಡೆಯುವುದು ಖುಷಿ, ಅಷ್ಟೇ. ಎಲ್ಲರೂ ಐವತ್ತು ದಾಟಿದವರು. ಎಲ್ಲಿ ಉಳಿಯಬೇಕು, ಎಲ್ಲಿ ಉಣ್ಣಬೇಕು ಎಂಬ ವ್ಯವಸ್ಥೆ ನನ್ನದು. ಮೂಗಿನ ತುದಿಯಲ್ಲೇ ಸಿಟ್ಟು ಇರುವ ಹೆಂಗಸಿನ ಕೈಗೆ ಕೊಟ್ಟರೆ ಕೆಲಸ ಕೆಡುವುದಿಲ್ಲ ಎಂದು ಉಳಿದವರ ಲೆಕ್ಕಾಚಾರ.

ಆ ಸಲ ವಾಟ್ಸಾಪಿನಲ್ಲಿ ಬಿಡಿಸಿ ಬರೆದಿದ್ದೆ. ಊಟ ಉಳಿಯುವ ಮನೆಯಲ್ಲಿದೆ, ದಾರಿಗೆ ಅವಲಕ್ಕಿ ನಾನು ತರುತ್ತೇನೆ, ಬೇರೆ ಯಾರೂ ಏನೂ ತರಬೇಡಿ, ಚೀಲ ಹಗುರ ಇರಲಿ. ಎಲ್ಲರೂ ಹೆಬ್ಬೆರಳೆತ್ತಿ ಒಪ್ಪಿದ್ದರು.

ಎಂಟು ಮಂದಿಯಲ್ಲಿ ಹೊಸಬರು ಒಬ್ಬರೇ. ದಾಸನಕೊಪ್ಪದ ಕಡೆಯ ರೈತರ ಮನೆಯ ಹೆಂಗಸು, ನನಗಿಂತ ಎರಡು ವರ್ಷ ಚಿಕ್ಕವರಿರಬಹುದು. ಹಿಂದಿನ ವರ್ಷ ಹೃದಯದ ಆಪರೇಶನ್ ಆಗಿತ್ತು. ಡಾಕ್ಟರು ಧಾರಾಳವಾಗಿ ನಡೆಯಿರಿ ಎಂದಿದ್ದರು, ಮಗ ಮಾತ್ರ ಬೇಡ ಎಂದಿದ್ದ. ಹಟ ಮಾಡಿ ಬಂದಿದ್ದರು. ಮೊದಲ ದಿನ ಬೆಳಿಗ್ಗೆ ನಗುನಗುತ್ತಾ ಹೊರಟವರು ಬರಬರುತ್ತಾ ಹಿಂದೆ ಬೀಳತೊಡಗಿದರು. ತ್ಯಾಗಲಿ ಹತ್ತಿರದ ಬಸ್ ತಂಗುದಾಣ ಮುಟ್ಟುವ ಹೊತ್ತಿಗೆ ಮಾತೇ ನಿಂತುಹೋಗಿತ್ತು. ಕಲ್ಲಿನ ಕಟ್ಟೆಯ ಮೇಲೆ ಚೀಲ ಇಳಿಸಿ ಬೆವರು ಒರೆಸಿಕೊಂಡರು.

"ಅಕ್ಕಾರ, ನೀವು ನಡೀರಿ. ನಾ ಬಸ್ಸಿಗೆ ಮನಿಗೆ ಹೋಕ್ಕೀನಿ" ಎಂದರು.

"ಎಂತ ಆಯ್ತು? ಎದೆ ನೋವೇ?" ನನಗೆ ಭಯವಾಯಿತು.

"ಎದಿಗೆ ಏನೂ ಆಗಿಲ್ರಿ. ಬೆನ್ನು, ಹೆಗಲು ಸೋತಾವು, ಅಷ್ಟ."

ಸಮಾಧಾನವಾಯಿತು. "ಅಷ್ಟಕ್ಕೆ ಬಸ್ಸೇ? ಕೊಡಿ ಇತ್ತ ಚೀಲ" ಎಂದು ಕೈ ಹಾಕಿದೆ. ಅವರು ಚೀಲವನ್ನು ಎದೆಗೆ ಅವುಚಿಕೊಂಡರು.

"ಬ್ಯಾಡ್ರಿ! ಮನ್ಯಾಗ ಎಲ್ಲಾರೂ ಹಿಂಗ ಕಸ್ಕೋತಾರ. ಕೊಡ ಎತ್ತಿದ್ರ ಕಸ್ಕೋತಾರ, ಮೊಮ್ಮಗನ್ನ ಎತ್ತಿದ್ರ ಕಸ್ಕೋತಾರ. ಇಲ್ಲಿ ನೀವೂ ಕಸ್ಕೊಂಡ್ರ ನಾ ಇಷ್ಟು ದೂರ ಯಾಕ ಬರ್ಬೇಕಿತ್ತು? ನನ್ನ ಚೀಲ ನಾ ಹೊರಾಕ ಆಗಲಿಲ್ಲ ಅಂದ್ರ ಮಗ ಹೇಳಿದ್ದ ಖರೆ ಆತು. ಮತ್ತ ಹೊರಗ ಬಿಡಂಗಿಲ್ಲ ಅವ."

ಕಣ್ಣಲ್ಲಿ ನೀರಿತ್ತು. ಕಣ್ಣೀರು ಕಂಡರೆ ಬೈಯುವುದು ನನ್ನ ಹುಟ್ಟುಗುಣ.

"ಎರಡು ಸೀರೆ, ಒಂದು ಹೊದಿಕೆಗೆ ಹೆಗಲು ಸೋಲುತ್ತದೆಯೇ? ಅಂಥದ್ದೇನು ತುಂಬಿದ್ದೀರಿ ಅದರಲ್ಲಿ?"

"ಬುತ್ತಿರಿ" ಎಂದರು ಸಣ್ಣ ದನಿಯಲ್ಲಿ. "ಎಂಟೂ ಮಂದಿಗೆ."

"ಅಯ್ಯೋ ಶಿವನೇ! ತರಬೇಡಿ ಅಂತ ಕನ್ನಡದಲ್ಲೇ ಬರೆದಿದ್ದೆನಲ್ಲ!"

"ನೀವು ದೊಡ್ಡವ್ರು, ಹಂಗ ಅಂತೀರಿ. ಅಂದ್ರಂತ ಬರೇ ಕೈಲೆ ಬರಾಕ ಆಕ್ಕೇತೇನ್ರಿ?"

ಪಕ್ಕದಲ್ಲಿ ಯಾರೋ ಕೆಮ್ಮಿದರು. ದೊಡ್ಮನೆ ಊರ ಕಡೆಯ ನಿವೃತ್ತ ಮಾಸ್ತರರು. ನಡೆಯುವವರು ಅರೆಹೊಟ್ಟೆ ಉಣ್ಣಬೇಕು ಎಂದು ಬೆಳಿಗ್ಗೆಯಿಂದ ನಮಗೆಲ್ಲ ಬೋಧನೆ ಮಾಡುತ್ತಾ ಬಂದಿದ್ದರು. ಈಗ ಮೆಲ್ಲಗೆ ತಮ್ಮ ಚೀಲದಿಂದ ಒಂದು ದೊಡ್ಡ ಡಬ್ಬಿ ತೆಗೆದರು. ತುಂಬಾ ಚಪಾತಿ.

"ಮಾಸ್ತರ್ರೇ, ನೀವೂವಾ?"

"ಎಂತ ಮಾಡವು ಮಾರಾಯ್ತಿ, ಕೈಬೀಸ್ಕ್ಯಂಡು ಬಪ್ಪಲೆ ಆಗ್ತಿಲ್ಲೆ" ಎಂದರು.

ಆಮೇಲೆ ಒಬ್ಬೊಬ್ಬರ ಚೀಲವೂ ಬಾಯಿ ಬಿಟ್ಟಿತು. ಮೊಸರನ್ನ, ಕಾಗದದಷ್ಟು ತೆಳುವಾದ ಸಿಹಿ ತೊಡದೇವು, ಮಾವಿನಮಿಡಿ ಉಪ್ಪಿನಕಾಯಿ, ಅರ್ಧ ಬಾಳೆಗೊನೆ. ಪ್ರತಿಯೊಬ್ಬರೂ ಎಂಟು ಮಂದಿಗೆ ಸಾಕಾಗುವಷ್ಟು ತಂದಿದ್ದರು. ನಮ್ಮ ಜಿಲ್ಲೆಯಲ್ಲಿ 'ತರಬೇಡಿ' ಎಂದರೆ ಯಾರೂ ನಂಬುವುದಿಲ್ಲ. ಅದು ಹೇಳುವವರ ಮರ್ಯಾದೆ, ತರುವುದು ಕೇಳಿಸಿಕೊಂಡವರ ಮರ್ಯಾದೆ. ಇಷ್ಟು ವರ್ಷ ಇಲ್ಲೇ ಬದುಕಿ ನಾನಾದರೂ ಅದನ್ನು ತಿಳಿದಿರಬೇಕಿತ್ತು.

ಊಟದ ಹೊತ್ತೇನೂ ಆಗಿರಲಿಲ್ಲ. ಆದರೂ ನಾನು ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. "ಹೊರಲು ಬಿಡುವುದಿಲ್ಲ, ಸರಿ. ತಿನ್ನಲಿಕ್ಕಾದರೂ ಬಿಡುತ್ತೀರೋ ಇಲ್ಲವೋ? ಬಿಚ್ಚಿ ಬುತ್ತಿ!"

ಅವರು ನನ್ನ ಮುಖ ನೋಡಿದರು. ನಿಧಾನವಾಗಿ ನಕ್ಕರು. ಚೀಲದಿಂದ ಸ್ಟೀಲಿನ ಡಬ್ಬಿಗಳು ಒಂದರ ಹಿಂದೊಂದು ಹೊರಬಂದವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ. ತಾವೇ ಎದ್ದು ನಿಂತು ಬಡಿಸಿದರು. ಅರೆಹೊಟ್ಟೆಯ ಮಾಸ್ತರರು ಮೂರನೆಯ ಸಲ ಕೈ ಚಾಚಿದಾಗ, "ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ" ಎಂದೆ. ಅವರು ಒಂದಿಷ್ಟೂ ನಾಚಲಿಲ್ಲ. ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ನಮ್ಮೆಲ್ಲರ ಬಾಯಿ ಒಮ್ಮೆಲೇ ನಿಂತಿತು. ದಾಸನಕೊಪ್ಪದವರು ತಲೆಯೆತ್ತಿ, ಕೈಯಲ್ಲಿದ್ದ ಚಮಚವನ್ನು ಡ್ರೈವರನತ್ತ ಬೀಸಿದರು.

"ಹೋಗ್ರಿ, ಹೋಗ್ರಿ! ಇನ್ನೂ ಹೋಳಿಗಿ ಬಡಸೂದೈತಿ."

ಉಂಡು ಮುಗಿಸಿ, ಡಬ್ಬಿ ತೊಳೆದು, ಅವರು ಚೀಲ ಎತ್ತಿ ಹೆಗಲಿಗೇರಿಸಿದರು. ಯಾರೂ ನೋಡಲಿಲ್ಲ. ನೋಡಬಾರದು ಎಂದು ಎಲ್ಲರೂ ಚಪ್ಪಲಿ, ಶೂ ಕಡೆ ಗಮನ ಕೊಟ್ಟಿದ್ದರು. ಹೊರಡುವ ಹೊತ್ತಾಯಿತೆಂದು ನಾನೂ ಏಳಲು ನೋಡಿದೆ. ಆಗಲಿಲ್ಲ. ನನ್ನದು ಮೊದಲೇ ಭಾರದ ಮೈ. ಎರಡು ಹೋಳಿಗೆ ಹೆಚ್ಚೇ ಹೋಗಿತ್ತು, ಮಡಿಚಿ ಕೂತ ಕಾಲು ಜೋಮು ಹಿಡಿದಿತ್ತು. ಇನ್ನೊಮ್ಮೆ ಪ್ರಯತ್ನಿಸಿದೆ, ಧೊಪ್ಪನೆ ಕೂತೆ. ಬೇರೆ ಯಾರಾದರೂ ಎಬ್ಬಿಸಲು ಬಂದಿದ್ದರೆ ರೇಗಿಬಿಡುತ್ತಿದ್ದೆ.

ಅವರು ಮುಂದೆ ಬಂದು ಕೈ ನೀಡಿದರು. "ಹಿಡೀರಿ, ಅಕ್ಕಾರ."

ಹಿಡಿದೆ. ಎಳೆದು ಎಬ್ಬಿಸಿದರು. ಎದ್ದು ನಿಂತ ಮೇಲೂ ಕೈ ಬಿಡದೆ ನನ್ನನ್ನೇ ನೋಡುತ್ತಿದ್ದರು.

"ಆಪರೇಶನ್ ಆದಾಗಿಂದ ಎಲ್ಲಾರೂ ನನ್ನ ಎಬ್ಬಿಸವ್ರೇ ಆಗಿದ್ರು. ನಾ ಒಬ್ಬರನ್ನೂ ಎಬ್ಬಿಸಿರಲಿಲ್ರಿ" ಎಂದರು.

ಕಾಲಿನ ಜೋಮು ಆಗಲೇ ಇಳಿದಿತ್ತು. ಆದರೂ ಸ್ವಲ್ಪ ಕುಂಟುತ್ತಾ, ಅವರ ಕೈ ಹಿಡಿದುಕೊಂಡೇ ನಡೆದೆ.