ಕಣ್ಣಿಲ್ಲದ ಗೆಡ್ಡೆ

ಬೀದಿಯವರೆಲ್ಲ ಅವಳನ್ನು ಕಾಜಾದಕ್ಕ ಎಂದೇ ಕರೆಯುತ್ತಿದ್ದರು. ಟೈಲರ್ ಅಂಗಡಿಯ ಹಿಂಬದಿಯಲ್ಲಿ, ಕಿಟಕಿಯ ಬೆಳಕು ಮಡಿಲಿಗೆ ಬೀಳುವ ಹಾಗೆ ಮಣೆ ಹಾಕಿಕೊಂಡು ಕುಳಿತು, ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು ಮೂವತ್ತೊಂದು ವರ್ಷದಿಂದ ಅವಳ ಕೆಲಸ. ನೋಡಿದವರು ಮಿಷನ್ನಿನದೇ ಅಂದುಕೊಳ್ಳಬೇಕು, ಹೊಲಿಗೆ ಅಷ್ಟು ಒತ್ತಾಗಿರುತ್ತಿತ್ತು. ಗಂಡ ತೀರಿಕೊಂಡ ವರ್ಷವೂ ಆ ಮಣೆ ಖಾಲಿ ಬಿದ್ದದ್ದು ಕಡಿಮೆ.

ಅಂಥವಳು ಒಂದು ದಿನ ಅಂಗಿಯೊಂದಕ್ಕೆ ಒಂದು ಕಾಜಾ ಹೆಚ್ಚಿಗೆ ಹೊಲಿದುಬಿಟ್ಟಳು.

"ಅಕ್ಕ, ಗುಂಡಿ ಏಳು, ಕಾಜಾ ಎಂಟು," ಟೈಲರ್ ಅಂಗಿಯನ್ನು ಬೆಳಕಿಗೆ ಹಿಡಿದು ಹೇಳಿದ. "ಇದೊಂದು ಗಾಳಿ ಆಡ್ಲಿ ಅಂತ ಬಿಟ್ರಾ?"

"ಕೊಡು ಇಲ್ಲಿ. ಮುಚ್ಚಿ ಕೊಡ್ತೀನಿ."

"ಕತ್ತರಿಸಿದ ತೂತು ಮುಚ್ಚಿದ್ರೆ ಕಾಣದೆ ಇರುತ್ತಾ? ಮನಸ್ಸು ಎಲ್ಲಿಟ್ಟು ಬಂದಿದೀರಿ ಇವತ್ತು?"

ಎಲ್ಲಿಟ್ಟು ಬಂದಿದ್ದಳೆಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಅಂಗಡಿಗೆ ಹೊರಡುವ ಹೊತ್ತಿಗೆ ಓರಗಿತ್ತಿಯ ಮಗಳು, ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ಬಂದಿದ್ದಳು. ಓರಗಿತ್ತಿ ಎಂದರೆ ಮೈದುನನ ಹೆಂಡತಿ. ಅವಳ ಮನೆ ಪಕ್ಕದ್ದೇ, ನಡುವೆ ಸೊಂಟದೆತ್ತರದ ಗೋಡೆ.

"ದೊಡ್ಡಮ್ಮ, ನಮ್ಮ ಹೊಸ ಮನೆ ಮುಂದೆ ನಾಲ್ಕಡಿ ಮಣ್ಣಿದೆ," ಎಂದಿದ್ದಳು ಹುಡುಗಿ. "ನೀವು ಬಂದು ಒಂದೆರಡು ಡೇಲಿಯಾ ಗೆಡ್ಡೆ ನೆಟ್ಟುಕೊಡಬೇಕು."

"ನಿಮ್ಮಮ್ಮ ಇಲ್ವೇನೆ?"

"ಅಮ್ಮನ್ನೇ ಮೊದಲು ಕೇಳಿದ್ದು. ತನ್ನ ಕೈಗುಣ ಸರಿಯಿಲ್ಲ ಅಂತಾಳೆ. ಗಿಡ ಬಿಡಿ, ಮೊನ್ನೆ ಇವನಿಗೆ ಜ್ವರ ಬಂದಾಗ ಔಷಧಿ ಕುಡಿಸು ಅಂದ್ರೆ, ನೀನೇ ಕುಡಿಸು, ನನ್ನ ಕೈಯಿಂದ ಬೇಡ ಅಂದ್ಲು. ನಗ್ತಾನೇ ಹೇಳ್ತಾಳೆ. ಆದ್ರೆ ಕೈ ಮಾತ್ರ ಮುಂದೆ ಬರಲ್ಲ."

ಕಾಜಾದಕ್ಕ ಕೂಸಿನ ಕೆನ್ನೆ ಸವರಿ, ಹೊತ್ತಾಯಿತೆಂದು ಹೊರಟುಬಿಟ್ಟಿದ್ದಳು.

ಅವಳ ಅಂಗಳದ ಆ ಡೇಲಿಯಾ ಅತ್ತೆಯ ಕಾಲದ್ದು. ಕಪ್ಪಿಗೆ ತಿರುಗುವಷ್ಟು ಕೆಂಪು. ಅರಳಿದರೆ ಊಟದ ತಟ್ಟೆಯಗಲ. ಹಾಸಿಗೆ ಹಿಡಿದಿದ್ದ ಅತ್ತೆ, "ಗೆಡ್ಡೆ ಇಬ್ಬರೂ ಪಾಲು ಮಾಡ್ಕೊಳ್ಳಿ, ಎರಡು ಅಂಗಳದಲ್ಲೂ ಬರಲಿ," ಎಂದು ಹೇಳಿ ಹೋಗಿದ್ದಳು. ಪಾಲು ಮಾಡುವ ಚಾಕು ಹಿರಿಯ ಸೊಸೆ ಕಾಜಾದಕ್ಕನ ಕೈಯಲ್ಲಿತ್ತು.

ಡೇಲಿಯಾದ ಗೆಡ್ಡೆ ನೋಡುವುದಕ್ಕೆ ಗೆಣಸಿನ ಗೊಂಚಲು. ಆದರೆ ಗೆಣಸಿನ ಹಾಗೆ ಎಲ್ಲೆಂದರಲ್ಲಿ ಚಿಗುರುವ ಜಾತಿಯಲ್ಲ. ಹಳೆಯ ಕಾಂಡದ ಬುಡಕ್ಕೆ ಗೆಡ್ಡೆಯ ಕುತ್ತಿಗೆ ಅಂಟಿಕೊಂಡಿರುತ್ತದಲ್ಲ, ಅಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಉಬ್ಬಿದ ಕಣ್ಣಿರುತ್ತದೆ. ಕಾಂಡದ ಒಂದು ಚೂರು ಸಮೇತ ಕೊಯ್ದರೆ ಆ ಗೆಡ್ಡೆ ಗಿಡವಾಗುತ್ತದೆ. ಕಣ್ಣು ಬಿಟ್ಟು ಕೊಯ್ದರೆ ಎಷ್ಟು ದಪ್ಪಗಿದ್ದರೂ ಅದು ಮಣ್ಣಿನಲ್ಲಿ ಸುಮ್ಮನೆ ಮಲಗಿರುತ್ತದೆ. ಅತ್ತೆ ಇದನ್ನು ತೋರಿಸಿಕೊಟ್ಟದ್ದು ಹಿರಿಯವಳಿಗೆ ಒಬ್ಬಳಿಗೇ. ಕಿರಿಯವಳು ಆಗಿನ್ನೂ ಹೊಸಬಳು, ಕೈಗೂಸಿನ ತಾಯಿ.

ಕಿರಿಯವಳ ಅಡುಗೆಯನ್ನು ಮನೆಯವರೆಲ್ಲ ಹೊಗಳುತ್ತಿದ್ದರು. ದನಿ ಚೆನ್ನಾಗಿತ್ತು. ಬೇಕೆಂದಾಗ ಕೂಸಾಯಿತು. ಕಾಜಾದಕ್ಕನಿಗೆ ಮಕ್ಕಳಿಲ್ಲ, ದಾರಿಹೋಕರು ಗೇಟಿನ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದದ್ದು ಆ ಹೂವಿಗಾಗಿ ಮಾತ್ರ. ಗೋಡೆಯಾಚೆಯೂ ಅದೇ ಹೂವು ಅರಳಿದರೆ ತನ್ನ ಗೇಟಿನ ಮುಂದೆ ಯಾರು ನಿಲ್ಲುತ್ತಾರೆ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದು ಅಷ್ಟೆ. ಚಾಕು ಕಣ್ಣಿಗಿಂತ ಒಂದು ಬೆರಳು ಕೆಳಗೆ ಇಳಿಯಿತು.

"ಅಕ್ಕ, ದೊಡ್ಡದೆಲ್ಲ ನನಗೇ ಹಾಕಿದೀರಲ್ಲ," ಎಂದು ಕಿರಿಯವಳು ಸೆರಗೊಡ್ಡಿ ಇಸಿದುಕೊಂಡಿದ್ದಳು.

ಒಂದು ತಿಂಗಳು ಕಾದಳು. ಏನೂ ಬರಲಿಲ್ಲ. ಅಗೆದು ತಂದು ತೋರಿಸಿದಳು. ಗೆಡ್ಡೆ ಗಟ್ಟಿಯಾಗಿಯೇ ಇತ್ತು, ಬೇರು ಕೂಡ ಬಿಟ್ಟಿತ್ತು.

"ಬೇರು ಬಿಟ್ಟಿದೆ ಅಕ್ಕ, ಮೇಲೆ ಬರೋಕೆ ಮಾತ್ರ ಇದಕ್ಕೆ ಮನಸ್ಸಿಲ್ಲ."

"ಇನ್ನೊಂದು ಹದಿನೈದು ದಿನ ನೋಡು," ಎಂದಳು ಕಾಜಾದಕ್ಕ.

ಮರುವರ್ಷವೂ ಕೊಟ್ಟಳು, ಅಂಥದ್ದನ್ನೇ. ಮೂರನೆಯ ವರ್ಷವೂ ಅಷ್ಟೆ. ಆ ಸಲ ಕಿರಿಯವಳು ಮಣ್ಣುಗೈಯಲ್ಲೇ ಗೋಡೆಗೆ ಒರಗಿ, "ಯಾಕಕ್ಕ ಹೀಗೆ?" ಎಂದು ಕೇಳಿದಾಗ, "ಕೆಲವರ ಕೈಗೆ ಕೆಲವು ಒಗ್ಗಲ್ಲ ಕಣೆ. ಕೈಗುಣ," ಎಂದುಬಿಟ್ಟಿದ್ದಳು. ಬೇರೆ ಏನೂ ತೋಚದೆ ಆಡಿದ ಮಾತು. ಕಿರಿಯವಳು ತನ್ನ ಎರಡೂ ಅಂಗೈಯನ್ನು ತಿರುಗಿಸಿ ನೋಡಿಕೊಂಡಿದ್ದಳು. ಮುಂದಿನ ವರ್ಷ ಗೆಡ್ಡೆ ಕೇಳಲಿಲ್ಲ. ಇಪ್ಪತ್ತೆರಡು ವರ್ಷವಾಯಿತು, ಆಮೇಲೆ ಕೇಳೇ ಇಲ್ಲ.

ಗಿಡದ ವಿಷಯ ಅಲ್ಲಿಗೆ ಮುಗಿಯಿತೆಂದು ಕಾಜಾದಕ್ಕ ತಿಳಿದಿದ್ದಳು. ತನ್ನ ಮಾತು ಗೋಡೆಯಾಚೆ ಇಷ್ಟು ವರ್ಷ ಬೆಳೆದು ಔಷಧಿಯ ಚಮಚದವರೆಗೂ ಹೋಗಿರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಆ ಸಂಜೆ ಅಂಗಡಿಯಿಂದ ಬಂದವಳು ಮಂಚದ ಕೆಳಗೆ ಗೆಡ್ಡೆ ಕಾಪಿಟ್ಟಿದ್ದ ಮರಳಿನ ಪೆಟ್ಟಿಗೆ ಎಳೆದಳು. ಮೊದಲು ಹೊಳೆದದ್ದು ಸುಲಭದ ದಾರಿ: ಕಣ್ಣಿರುವ ನಾಲ್ಕು ಗೆಡ್ಡೆ ಕೊಯ್ದು, ಈ ಸಲ ಯಾಕೋ ಹೆಚ್ಚಿಗೆ ಬಂದಿದೆ ಎಂದು ಕೊಟ್ಟುಬಿಡುವುದು. ಗಿಡ ಬಂದರೆ ಓರಗಿತ್ತಿಯ ಕೈಗುಣ ತಾನಾಗಿಯೇ ಸರಿಹೋಗುತ್ತದೆ, ತನ್ನ ಮರ್ಯಾದೆಯೂ ಉಳಿಯುತ್ತದೆ. ಆದರೆ ಅವಳು ನೆಡುವುದಿಲ್ಲವಲ್ಲ. ಕೈಯಲ್ಲಿ ಮುಟ್ಟುವುದೂ ಇಲ್ಲ. ಕಾಜಾದಕ್ಕ ಕೊಯ್ಯದೆ ಇಡೀ ಗೊಂಚಲನ್ನು ಮೊರದಲ್ಲಿ ಇಟ್ಟುಕೊಂಡು, ಚಾಕು ಹಿಡಿದು, ಗೇಟು ಬಳಸಿ ಪಕ್ಕದ ಮನೆಗೆ ಹೋದಳು.

ಓರಗಿತ್ತಿ ಜಗಲಿಯ ಮೇಲೆ ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ಏನಕ್ಕ, ಚಾಕು ಹಿಡ್ಕೊಂಡೇ ಬಂದಿದೀರಿ? ನಾನೇನು ಮಾಡಿದೆ?"

"ನೀನೇನೂ ಮಾಡಿಲ್ಲ. ಇದನ್ನ ಕೊಯ್ಯಿ."

"ನನ್ನ ಕೈಯಲ್ಲಾ? ಬೇಡಪ್ಪ. ಚೆನ್ನಾಗಿರೋದನ್ನ ಯಾಕೆ ಕೆಡಿಸ್ತೀರಿ?"

"ಹಿಡಿ ಅಂದ್ನಲ್ಲ. ಇಲ್ಲಿ ನೋಡು, ಕುತ್ತಿಗೆ ಹತ್ರ. ಕೆಂಪಗೆ ಉಬ್ಬಿದೆಯಲ್ಲ, ಕಣ್ಣು ಅಂತಾರೆ. ಚಿಗುರು ಬರೋದು ಅಲ್ಲಿಂದಲೇ. ಅದು ಬಿಟ್ಟು ಕೊಯ್ದ್ರೆ ಯಾರು ನೆಟ್ಟರೂ ಬರಲ್ಲ."

ಓರಗಿತ್ತಿ ಬಗ್ಗಿ ನೋಡಿದಳು. ಬೆರಳಿನಿಂದ ಒಂದೊಂದೇ ಕಣ್ಣು ಮುಟ್ಟಿದಳು. ಅವಳು ದಡ್ಡಳಲ್ಲ. ಬೆರಳು ಮೂರನೆಯ ಕಣ್ಣಿನ ಮೇಲೆ ನಿಂತಿತು.

"ನೀವು ನಂಗೆ ಕೊಟ್ಟಿದ್ದರಲ್ಲಿ ಇದು ಇತ್ತಾ?"

"ಇರಲಿಲ್ಲ."

"ಮೂರು ವರ್ಷವೂ?"

"ಮೂರು ವರ್ಷವೂ."

"ನಿಮಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎನ್ನುವ ಮಾತು ಕಾಜಾದಕ್ಕನ ನಾಲಿಗೆಯ ತುದಿಯಲ್ಲೇ ಇತ್ತು. ಅಂದಿದ್ದರೆ ಓರಗಿತ್ತಿ ನಂಬುತ್ತಿದ್ದಳು.

"ಗೊತ್ತಿತ್ತು. ಬೇಕಂತಲೇ ಕೊಯ್ದೆ. ನಿನ್ನ ಅಂಗಳದಲ್ಲಿ ಬರಬಾರದು ಅಂತ ಹೊಟ್ಟೆಕಿಚ್ಚು."

ಓರಗಿತ್ತಿ ಕೈ ಹಿಂದಕ್ಕೆ ತೆಗೆದುಕೊಂಡು, ಅರ್ಧ ಮಡಿಸಿದ್ದ ಟವಲನ್ನು ಪೂರ್ತಿ ಮಡಿಸಿ ರಾಶಿಯ ಮೇಲಿಟ್ಟಳು. ಕೊನೆಗೆ, "ಆಮೇಲೆ ಕೈಗುಣ ಅಂದ್ರಿ," ಎಂದಳು. "ಅದನ್ಯಾಕೆ ಅಂದ್ರಿ? ಗೆಡ್ಡೆ ಹೋದ್ರೆ ಹೋಯ್ತು. ಎರಡನೇ ಕೂಸು ಹೊಟ್ಟೆಯಲ್ಲೇ ಹೋಯ್ತಲ್ಲ ನಂಗೆ, ಅದೂ ನನ್ನ ಕೈಗುಣವೇ ಅಂತ ತಿಳ್ಕೊಂಡೆ."

ಕೂಸು ಹೋದದ್ದು ಕಾಜಾದಕ್ಕನಿಗೆ ಗೊತ್ತಿತ್ತು. ಅದನ್ನೂ ಓರಗಿತ್ತಿ ತನ್ನ ಕೈಗುಣಕ್ಕೇ ಕಟ್ಟಿಕೊಂಡದ್ದು ಗೊತ್ತಿರಲಿಲ್ಲ. ತಾನು ಮಾಡಿದ್ದರ ಲೆಕ್ಕವೆಲ್ಲ ತನಗೆ ತಿಳಿದಿದೆ ಎಂದುಕೊಂಡೇ ಅವಳು ಗೇಟು ದಾಟಿ ಬಂದಿದ್ದಳು.

"ಹೋಗಿ," ಎಂದಳು ಓರಗಿತ್ತಿ. "ಮೊರ ಇಲ್ಲೇ ಇರಲಿ. ಚಾಕೂನೂ ಇಟ್ಟು ಹೋಗಿ."

ಅಂದಿನಿಂದ ಗೋಡೆಯಾಚೆಯಿಂದ ಒಂದು ಮಾತಿಲ್ಲ. ಕೆಲವು ದಿನಗಳ ನಂತರ ಮಗಳು ಬಂದಳು. "ಅಮ್ಮ ನಮ್ಮ ಮನೇಲಿ ತಾನೇ ನೆಟ್ಟಳು. ಇವನಿಗೆ ಊಟಾನೂ ತಾನೇ ಮಾಡಿಸ್ತಾಳೆ ಈಗ. ನಿಮ್ಮನ್ನ ಕರೆಯೋಣ ಅಂದ್ರೆ ಮುಖ ತಿರುಗಿಸ್ತಾಳೆ. ಏನಾಯ್ತು ದೊಡ್ಡಮ್ಮ?" ಕಾಜಾದಕ್ಕ ಅವಳಿಗೂ ಹೇಳಿದಳು. ಎರಡನೆಯ ಸಲ ಹೇಳುವುದು ಸುಲಭವೇನೂ ಆಗಲಿಲ್ಲ. ಹುಡುಗಿ ಅರ್ಧ ಕುಡಿದ ಕಾಫಿ ಬಿಟ್ಟು, ಕೂಸನ್ನು ಎತ್ತಿಕೊಂಡು ಹೋದಳು.

ಓರಗಿತ್ತಿಯ ಅಂಗಳದಲ್ಲೂ ಗಿಡ ಎದ್ದಿತು. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಬೇಕು. ಅವಳು ಚಿವುಟಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಗಿಡ ಒಂಟಿಕಾಂಡವಾಗಿ ಉದ್ದಕ್ಕೆ ಹೋಯಿತು. ಕಾಜಾದಕ್ಕ ದಿನವೂ ತನ್ನ ಅಂಗಳಕ್ಕೆ ನೀರು ಹಾಕುವಾಗ ಗೋಡೆಯ ಮೇಲಿಂದ ನೋಡುತ್ತಿದ್ದಳು. ಹೇಳುವ ಹಕ್ಕನ್ನು ಅವಳೇ ಕಳೆದುಕೊಂಡಿದ್ದಳು.

ಒಂದು ಬೆಳಿಗ್ಗೆ ಗಾಳಿಗೆ ಆ ಗಿಡ ಪಕ್ಕಕ್ಕೆ ವಾಲಿತ್ತು. ಓರಗಿತ್ತಿ ಕೋಲು ಹಿಡಿದು ಬುಡದಲ್ಲಿ ಕುಳಿತಿದ್ದಳು. ತಿರುಗಿ ನೋಡದೆ ಕೇಳಿದಳು, "ಎಷ್ಟು ದೂರಕ್ಕೆ ಊರಬೇಕು?" ಅಕ್ಕ ಎನ್ನಲಿಲ್ಲ.

"ಒಂದು ಗೇಣು. ಹತ್ತಿರ ಊರಿದ್ರೆ ಗೆಡ್ಡೆಗೆ ಚುಚ್ಚುತ್ತೆ."

ಓರಗಿತ್ತಿ ಆಗ ತಲೆ ಎತ್ತಿ ಅವಳ ಮುಖ ನೋಡಿದಳು. ಆಮೇಲೆ ಬಗ್ಗಿ, ಬೆರಳಿನಿಂದ ಮೆಲ್ಲಗೆ ಮಣ್ಣು ಕೆದಕಿ, ಗೆಡ್ಡೆ ಎಲ್ಲಿಯವರೆಗೆ ಚಾಚಿದೆ ಎಂದು ತಾನೇ ಮುಟ್ಟಿ ನೋಡಿಕೊಂಡಳು. ಗೇಣು ಅಳೆದಳು. ಕೋಲು ಊರಿದಳು.

"ಕಟ್ಟೋಕೆ ಬಟ್ಟೆ ಚೂರು ಕೊಡ್ಲಾ?" ಎಂದು ಕೇಳಿದಳು ಕಾಜಾದಕ್ಕ.

"ನನ್ನ ಹತ್ರ ಇದೆ," ಎಂದಳು ಓರಗಿತ್ತಿ.