ಮಾನ್ವಿಯ ಹೆಡ್‌ಮಾಸ್ತರರು

ಇಂದು ಮಂಗಳವಾರ, ಬೆಳಿಗ್ಗೆ ಆರೂವರೆ. ರಾಯಚೂರಿನ ಮನೆಯ ಪಡಸಾಲೆಯಲ್ಲಿ ನಾನು, ಮೊಮ್ಮಗಳು ಇಬ್ಬರೇ. ಒದ್ದೆ ಅರಿವೆಯಿಂದ ಕರಿಹಲಗೆ ಒರೆಸಿದಾಗ ಎದ್ದ ಸೀಮೆಸುಣ್ಣದ ವಾಸನೆಗೆ, ಈಗ ಇಲ್ಲದ ನಮ್ಮ ಮಾನ್ವಿಯ ಮನೆ ಕಣ್ಣೆದುರು ಬಂತು. ಅಲ್ಲಿಯೂ ಇದೇ ಹೊತ್ತಿಗೆ ಇಂಗ್ಲಿಷ್ ಪಾಠ. ಅಪ್ಪ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರು. ಬರಿಯ ಹುದ್ದೆ ಬರೆದರೆ ಮೊದಲು ‘ದಿ’ (the) ಹಾಕಬೇಕು, ಮನುಷ್ಯನ ಹೆಸರಿಗೆ ಬೇಡ ಎಂದು ದಿನವೂ ಬರೆಸುತ್ತಿದ್ದರು. ರೊಟ್ಟಿ ಬಡಿಯುತ್ತಿದ್ದ ಅವ್ವ ಒಮ್ಮೆ, “ಯಾಕ್ರಿ ಹಂಗ?” ಎಂದು ಕೇಳಿದಳು.

“ಹೇಳಾಂವಗೂ ಕೇಳಾಂವಗೂ ಯಾರು ಅಂತ ಗೊತ್ತಿರತದ. ಅದಕ್ಕ.”

“ಹಂಗಾರ ನಮ್ಮನ್ಯಾಗ ಅದು ನಿಮಗೊಬ್ಬರಿಗೇ ಬಿಡ್ರಿ.”

ಅವ್ವ ಗಂಡನ ಹೆಸರು ಹೇಳಿದವಳಲ್ಲ. ಹಾಲಿನವನಿಗೂ ನೆಂಟರಿಗೂ ಅಪ್ಪ ‘ಹೆಡ್‌ಮಾಸ್ತರ್ರು’. ಮಕ್ಕಳಾದ ನಾವೂ ಆ ಹೆಸರು ಎತ್ತುವಂತಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ರೂಢಿ ಇದ್ದೀತು.

ನನಗೆ ಒಂಬತ್ತು ವರ್ಷವಾಗಿದ್ದಾಗ ಅವ್ವ ಬಾಣಂತನಕ್ಕೆ ಮಸರಕಲ್ಲಿನ ತವರಿಗೆ ಹೋದಳು, ನಾನೂ ಜೊತೆಗಿದ್ದೆ. ಒಂದು ಮುಂಜಾನೆ ನೋವು ಕಾಣಿಸಿತು. ದೇವದುರ್ಗದ ಡಾಕ್ಟರು ಮಗು ಅಡ್ಡ ತಿರುಗಿದೆ, ರಾಯಚೂರಿಗೆ ಒಯ್ಯಿರಿ ಎಂದರು. ಬಾಡಿಗೆ ಜೀಪಿನಲ್ಲಿ ಅವ್ವ, ಅಜ್ಜಿ, ನಾನು. ಹತ್ತು ಗಂಟೆಗೆ ಆಸ್ಪತ್ರೆ ಮುಟ್ಟಿದೆವು. ಆಪರೇಶನ್ ಆಗಬೇಕು, ಗಂಡನ ಸಹಿ ಬೇಕು ಎಂದರು.

“ಹೆಸರು ಹೇಳವ್ವಾ, ಮಾನ್ವಿಗೆ ಫೋನ್ ಹಚ್ತೀನಿ,” ಎಂದಳು ನರ್ಸು.

ಅವ್ವ ಮಂಚದ ಕಂಬಿ ಹಿಡಿದು, “ಹೆಡ್‌ಮಾಸ್ತರ್ರು ಅನ್ರಿ. ಯಾರಾರ ತೋರಸ್ತಾರ,” ಎಂದಳು. ಅಜ್ಜಿ ಅಳಿಯನ ಹೆಸರು ಹೇಳುವುದುಂಟೆ? ನನಗೆ ಹೆಸರು ಗೊತ್ತಿತ್ತು. ಅವ್ವನ ಮುಖ ನೋಡಿ ಸುಮ್ಮನೆ ಕುಳಿತೆ.

ಗಡಿಯಾರ ನನ್ನ ಎದುರೇ ಇತ್ತು. ಹನ್ನೊಂದಾಯಿತು, ಹನ್ನೆರಡಾಯಿತು. ಅವ್ವನ ನರಳಾಟ ಸಣ್ಣದಾಗುತ್ತ ಬಂತು. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಒಂದು ಗಂಟೆಗೆ ಕೋಟು ತೊಟ್ಟ ಮುದುಕರೊಬ್ಬರು ಏದುಸಿರು ಬಿಡುತ್ತ ಒಳಗೆ ಬಂದರು. “ನಮ್ಮಾಕಿ ಎಲ್ಲದಾಳ್ರಿ? ಮುಂಜಾನೆ ಸಂತಿಗಂತ ರಾಯಚೂರಿಗೆ ಬಂದಾಕಿ, ಏನಾತ್ರಿ ಆಕಿಗೆ?”

ಅವರು ಮಾನ್ವಿಯ ಹೈಸ್ಕೂಲಿನ ಹೆಡ್‌ಮಾಸ್ತರರು. ಹೆಡ್‌ಮಾಸ್ತರರ ಹೆಂಡತಿ ರಾಯಚೂರಿನ ಆಸ್ಪತ್ರೆಯಲ್ಲಿದ್ದಾಳೆ ಎಂಬ ಸುದ್ದಿಯನ್ನು ಪೋಸ್ಟಾಫೀಸಿನವರು ಅವರಿಗೆ ಮುಟ್ಟಿಸಿದ್ದರು.

ಆಗ ನಾನು ಎದ್ದು ನಿಂತು ಅಪ್ಪನ ಹೆಸರನ್ನು ಪೂರ್ತಿ ಹೇಳಿದೆ.

ಅವರು ಬೆಂಚಿನ ಮೇಲೆ ಕುಸಿದು ಕೂತರು, ಬೆವರು ಒರೆಸಿಕೊಂಡರು. “ಗೊತ್ತದಾರ ಬೇ ಅವರು ನನಗ. ಇದನ್ನ ಮುಂಜಾನಿಗೇ ಹೇಳಬಾರದೇನವ್ವಾ?” ಎಂದು ತಾವೇ ಫೋನಿನ ಕಡೆ ಓಡಿದರು.

ಅಪ್ಪ ಭತ್ತದ ಲಾರಿ ಹತ್ತಿ ಬಂದಾಗ ಮೂರೂವರೆ. ಸಹಿ ಹಾಕಿದರು. ಅವ್ವ ಉಳಿದಳು. ತಮ್ಮ ಉಳಿಯಲಿಲ್ಲ.

ನನ್ನನ್ನು ಯಾರೂ ಬೈಯಲಿಲ್ಲ. ಅಪ್ಪ, ಅವ್ವ ಇಬ್ಬರೂ ಹೋಗಿ ವರ್ಷಗಳಾದವು. ಬದುಕಿರುವವರೆಗೂ ಅವರು ಆ ಮಾತು ಎತ್ತಲಿಲ್ಲ.

ಅಂದು ದೀಪ ಹಚ್ಚುವ ಹೊತ್ತಿಗೆ ನರ್ಸು ರಿಜಿಸ್ಟರ್ ತಂದಳು. ಮಗುವಿನ ಹೆಸರು ಬರೆಯಲು ಒಂದು ಚೌಕ ಇತ್ತು. “ತೊಟ್ಟಿಲಕ್ಕೇ ಹಾಕಿಲ್ಲ, ಹೆಸರು ಎಲ್ಲಿಂದ ತರೂಣು?” ಎಂದಳು ಅಜ್ಜಿ. ಅಪ್ಪ ಅಲ್ಲಿ ನೆಟ್ಟಗೆ ಒಂದು ಗೆರೆ ಎಳೆದು, ಶಾಯಿ ಆರುವವರೆಗೆ ಕಾದು, ಪುಸ್ತಕ ಮುಚ್ಚಿ ಕೊಟ್ಟರು.